ಚೀಸ್ ಕೋಣೆಯಲ್ಲಿ ಕೇಳಿದ ಪ್ರಶ್ನೆ

ಪೈನ್ ಕಾರ್ನರ್ಸ್, ಒಹಾಯೊ
ಭಾನುವಾರ, ಮಾರ್ಚ್ 21, 1869

ನನ್ನ ಮುದ್ದು ಲೋವಿನಾಗೆ ಅಮ್ಮನ ಪ್ರೀತಿ. ಐಡಾಳ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು.

ಒಂದು ವಿಷಯವನ್ನು ಬರೆಯದೆ ಬಿಟ್ಟುಬಿಡಬೇಕೆಂದಿದ್ದೆ. ‘ನಿನ್ನ ಅಪ್ಪ ಹೊಲ ಮನೆ ಮಾರಿದರು, ಏಪ್ರಿಲ್ ಒಂದಕ್ಕೆ ನಾವು ಕ್ಯಾನ್ಸಸ್‌ಗೆ ಹೊರಡುತ್ತಿದ್ದೇವೆ’ ಎಂದಷ್ಟೇ ಬರೆದಿದ್ದರೆ ಅದರಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ. ನೀನು ಅಪ್ಪನ ಮೇಲೆ ಸಿಟ್ಟಾಗುತ್ತಿದ್ದೆ, ನನ್ನನ್ನು ಕಂಡು ಅಯ್ಯೋ ಅನ್ನುತ್ತಿದ್ದೆ. ಹಾಗೆಯೇ ಬರೆದೂ ನೋಡಿದೆ. ಮಡಿಸುವ ಹೊತ್ತಿಗೆ ಮನಸ್ಸು ಒಪ್ಪದೆ ಒಲೆಗೆ ಹಾಕಿದೆ. ನಿಜ ಏನೆಂದರೆ ಮಾರುವ ಮುಂಚೆ ನನ್ನನ್ನೂ ಕೇಳಿದರು. ಅಪ್ಪನನ್ನು ಆಚೆ ನಿಲ್ಲಿಸಿ, ನನ್ನೊಬ್ಬಳನ್ನೇ ಒಳಗೆ ಕರೆದು, ಬಾಗಿಲು ಹಾಕಿಕೊಂಡು ಕೇಳಿದರು. ನಾನು ಬೇಡ ಎನ್ನಲಿಲ್ಲ.

ಇದನ್ನು ಓದಿ ನಿನ್ನ ಕೈ ತಣ್ಣಗಾಗುತ್ತದೆ ಎಂದು ಗೊತ್ತು. ಮಿಸೆಸ್ ಬುಶೇ ಅವರ ಬಟ್ಟೆ ಒಗೆಯುವ ಮನೆಯಲ್ಲಿ ಕೂತು ಓದು, ಅಲ್ಲಿ ಬೆಚ್ಚಗಿರುತ್ತದೆ. ನೀನು ಹೇಳಿದಂತೆ ಈ ಕಾಗದವನ್ನೂ ಅವರ ಹೆಸರಿಗೇ ಕಳಿಸುತ್ತಿದ್ದೇನೆ. ನಿನ್ನ ಗಂಡನ ಕೈಗೆ ಬೀಳುವುದಿಲ್ಲ.

ಜನವರಿಯಲ್ಲಿ ನೀನು ಬರೆದ ಕಾಗದವನ್ನು ಎಷ್ಟು ಸಲ ಓದಿದೆನೋ. ಲೈಮನ್ ಗರಗಸದ ಮಿಲ್ಲಿಗೆ ಹೊರಡುವಾಗ ಒಲೆಯ ಮುಚ್ಚಳ ಎತ್ತುವ ಕಬ್ಬಿಣದ ಹಿಡಿಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ, ಹಗಲು ಸೌದೆ ಸುಡಬಾರದಂತೆ ಎಂದು ಬರೆದಿದ್ದೆ. ಊರಿಗೆ ಊರೇ ಮರ ಕೊಯ್ಯುವ ಕಡೆ, ಬಾಗಿಲಾಚೆ ಚೂರುಪಾರು ಮರ ರಾಶಿ ಬಿದ್ದು ಕೊಳೆಯುವ ಕಡೆ, ಇದು ಸೌದೆಯ ಮಾತಲ್ಲ ಎಂದು ನನಗೂ ತಿಳಿಯಿತು. ನಮ್ಮ ಹಳೆಯ ಹಿಡಿಯೊಂದು ಅಟ್ಟದಲ್ಲಿತ್ತು. ನಿನಗೆ ಕಳಿಸೋಣ ಎಂದು ಬಟ್ಟೆಯಲ್ಲಿ ಸುತ್ತಿದೆ. ಆಮೇಲೆ ನೀನು ಅದನ್ನು ಎಲ್ಲಿ ಬಚ್ಚಿಡುತ್ತೀ, ಅದು ಅವನ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಯೋಚಿಸಿ ಬಿಚ್ಚಿ ಅಲ್ಲೇ ಇಟ್ಟುಬಿಟ್ಟೆ. ತಾಯಿಯಾಗಿ ನಾನು ಮಾಡಿದ್ದು ಅಷ್ಟೆ, ಸುತ್ತಿದ್ದು, ಬಿಚ್ಚಿದ್ದು.

ಹ್ಯೂರನ್ ಸರೋವರದ ಹಿಮ ಒಡೆದು ಮೊದಲ ಹಡಗು ನಿಮ್ಮೂರ ಕಟ್ಟೆಗೆ ಬಂದ ದಿನ ಐಡಾಳನ್ನು ಎತ್ತಿಕೊಂಡು ಹತ್ತಿಬಿಡುತ್ತೇನೆ ಎಂದು ನೀನು ಬರೆದಿದ್ದೆ. ಹೇಳಿ ಕೇಳಿ ಹೊರಡುವುದಿಲ್ಲ, ನೀನು ಬಾಗಿಲು ತೆಗೆದರೆ ಸಾಕು ಎಂದಿದ್ದೆ. ಅಪ್ಪನಿಗೆ ಮಾತ್ರ ಹೇಳಬೇಡ, ಲೈಮನ್ ಬೇಡ ಎಂದು ಅವರು ಮೊದಲೇ ಎಚ್ಚರಿಸಿದ್ದರು, ಅವರ ಮುಖ ಹೇಗೆ ನೋಡಲಿ ಎಂದೂ ಬರೆದಿದ್ದೆ. ನಾನು ಅದೇ ದಿನ, ಬಾ, ಮೂಡಲ ಕೋಣೆ ನಿನ್ನದೇ, ಹಾಸಿಗೆಗೆ ಹೊಸ ಹುಲ್ಲು ತುಂಬಿಸಿಟ್ಟಿರುತ್ತೇನೆ ಎಂದು ಉತ್ತರ ಬರೆದೆ. ಹುಲ್ಲು ತುಂಬಿಸಿಯೂ ಇಟ್ಟೆ, ಲೋವಿನಾ. ಅದರ ಮೇಲೆ ಇನ್ನು ಮುಂದೆ ಮನೆ ಕೊಂಡ ವಿಟ್ಮರ್ ಕುಟುಂಬದವರ ಮಕ್ಕಳು ಮಲಗುತ್ತಾರೆ. ಹಾಸಿಗೆ ಸಮೇತ ಮಾರಿದ್ದಾರೆ.

ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನಿಂದ ನಿನ್ನ ಜೆರೆಡ್ ಚಿಕ್ಕಪ್ಪನ ಕಾಗದ ಬಂತು. ಅಪ್ಪ ಅದನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದರು. ಅಲ್ಲಿ ಮಣ್ಣಿಗೆ ಕೈ ಹಾಕಿದರೆ ಮೊಣಕೈವರೆಗೂ ಇಳಿಯುತ್ತದಂತೆ, ಒಂದು ಬೊಡ್ಡೆಯಿಲ್ಲವಂತೆ, ಒಂದು ಕಲ್ಲಿಲ್ಲವಂತೆ. ನಿನ್ನ ತಂಗಿ ಡೆಲ್ಫಿ ಬಾಯಲ್ಲಿ ಜೋಳದ ರೊಟ್ಟಿ ಇಟ್ಟುಕೊಂಡೇ, “ಕಲ್ಲೇ ಇಲ್ದಿದ್ರೆ ಕಾಗೆಗೆ ಏನಪ್ಪಾ ಎಸೆಯೋದು?” ಅಂದಳು. ಅಪ್ಪ ನಕ್ಕರು. “ನಿನ್ನೇ ಎಸೀತೀನಿ ಬಿಡು, ಹೇಗೂ ಬಾಯಿ ಮಾಡ್ತೀಯ, ಕಾಗೆ ಓಡಿಹೋಗುತ್ತೆ,” ಅಂದರು. ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು! ಆ ನಗು ನೋಡಿದಾಗಲೇ ಇದು ತೀರ್ಮಾನವಾದ ಮಾತು ಅನ್ನಿಸಿತು.

ಅವರದ್ದು ತಪ್ಪು ಎಂದು ನಾನು ಹೇಳಲಾರೆ. ಈ ಜೇಡಿಮಣ್ಣಿನ ಜೊತೆ ಅವರು ಗುದ್ದಾಡಿದ್ದನ್ನು ನೀನೂ ನೋಡಿದ್ದೀಯ. ಹಾಲೆಲ್ಲ ಕಾರ್ನರ್ಸ್‌ನ ಹೊಸ ಚೀಸ್ ಫ್ಯಾಕ್ಟರಿಗೆ ಹೋಗಲು ಶುರುವಾದ ಮೇಲೆ ನನಗೂ ಇಲ್ಲಿ ಹೇಳಿಕೊಳ್ಳುವಂಥ ಕೆಲಸ ಉಳಿದಿಲ್ಲ. ಚೀಸ್ ಕೋಣೆಯಲ್ಲಿ ಈಗ ಈರುಳ್ಳಿ ಹರವಿದ್ದೇವೆ. ನೀನು ಆ ಕಾಗದ ಬರೆಯದೇ ಇದ್ದಿದ್ದರೆ ನಾನೇ ಮುಂದಾಗಿ ಪೆಟ್ಟಿಗೆ ಕಟ್ಟುತ್ತಿದ್ದೆನೇನೋ.

ಮೇ ತಿಂಗಳಲ್ಲಿ ಹೊರಡೋಣ ಎಂದು ಕೇಳಿದೆ. ಅಷ್ಟರಲ್ಲಿ ಹಡಗು ಬಂದಿರುತ್ತದೆ, ನೀನು ಬಂದಿರುತ್ತೀ, ಎದುರಿಗೆ ನಿಂತ ಮಗಳನ್ನು, ಮೊಮ್ಮಗಳನ್ನು ಅವರು ಆಚೆ ತಳ್ಳುವುದಿಲ್ಲ ಎಂಬ ಲೆಕ್ಕ ನನ್ನದು. ಯಾಕೆ ಎಂದರು. “ಲೋವಿನಾ ಬರಬಹುದು, ಮಗೂನ ತೋರಿಸೋಕೆ,” ಎಂದೆ. ಅಷ್ಟು ಹೇಳಲು ನಿನ್ನ ಅಪ್ಪಣೆ ಇತ್ತು ಎಂದುಕೊಂಡೆ.

“ಬಂದ್ರೆ ಕ್ಯಾನ್ಸಸ್‌ಗೇ ಬರ್ತಾಳೆ. ಲೈಮನ್ನೂ ಬರಲಿ ಅಂತ ಬರಿ. ಅವನಿಗೂ ಅಲ್ಲಿ ಜಮೀನು ಸಿಗುತ್ತೆ, ಪಕ್ಕದಲ್ಲೇ ಇರ್ತಾರೆ,” ಎಂದರು ಅಪ್ಪ. ಎಷ್ಟು ಪ್ರೀತಿಯಿಂದ ಹೇಳಿದರು ಗೊತ್ತೇ! “ಮತ್ತೆ, ನಮ್ಮ ಕಡೆ ಹೊಲ ಕೈ ಬದಲಾಗೋದು ಏಪ್ರಿಲ್ ಒಂದಕ್ಕೆ. ನಮ್ಮಪ್ಪನ ಕಾಲದಿಂದ ಹಾಗೇ ನಡೆದಿದೆ. ನಿನಗೋಸ್ಕರ ಪಂಚಾಂಗ ತಿದ್ದಲಾ?”

ಎರಡನೆಯ ಸಲ ಕೇಳಿದಾಗ ಅವರು ಎದ್ದು ಕೊಟ್ಟಿಗೆಗೆ ಹೋದರು. ಅವತ್ತಿನಿಂದ ನನ್ನ ಜೊತೆ ಮಾತು ನಿಂತಿತು. ನಿನಗೆ ಅದರ ಪರಿಚಯವಿದೆ. ಊಟಕ್ಕೆ ಮುಂಚೆ ದೇವರಿಗೆ ಕೃತಜ್ಞತೆ ಹೇಳುವಾಗ ಮಾತ್ರ ದನಿ ಕೇಳಿಸುತ್ತಿತ್ತು. ಉಳಿದದ್ದೆಲ್ಲ ನಾಯಿಯ ಮೂಲಕ. “ಬೋಸ್, ನಿಮ್ಮಮ್ಮನಿಗೆ ಹೇಳು, ಕಾಫಿ ಆರಿದೆ.” “ಬೋಸ್, ಆ ಅಂಗಿ ಗುಂಡಿ ಯಾರಾದ್ರೂ ಹೊಲೀತಾರಾ ಕೇಳು.” ಮೊದಲ ದಿನ ಡೆಲ್ಫಿ ನಕ್ಕಳು. ಬೋಸ್ ಕೂಡ ತನ್ನ ಹೆಸರು ಕೇಳಿ ಬಾಲ ಆಡಿಸುತ್ತಾ ನನ್ನ ಹತ್ತಿರ ಬರುತ್ತಿತ್ತು. ಆಮೇಲೆ ಡೆಲ್ಫಿಯೂ ನಗುವುದನ್ನು ಬಿಟ್ಟಳು, ನಾಯಿಯೂ ಮೇಜಿನ ಕೆಳಗೆ ಸೇರಿಕೊಂಡಿತು. ಅವರು ಕೈ ಎತ್ತಿಲ್ಲ, ದನಿ ಎತ್ತಿಲ್ಲ. ಮದುವೆಯಾದಾಗಿನಿಂದ ಒಂದು ದಿನವೂ ಇಲ್ಲ. ಇದನ್ನು ನೀನು ನೆನಪಿಡಬೇಕು. ಲೈಮನ್ ಬೇರೆ, ನಿನ್ನ ಅಪ್ಪ ಬೇರೆ.

ಸಿಹಿ ರಸ ಇಳಿಸಲು ಮೇಪಲ್ ಮರಗಳಿಗೆ ಬಕೆಟ್ ಕಟ್ಟುವ ಹಂಗಾಮು ಅರ್ಧವಾದಾಗ ಸ್ಕ್ವೈರ್ ಫೆಲ್ಟನ್ ಬಂದರು. ಚರ್ಚಿನಲ್ಲಿ ಮುಂದಿನ ಸಾಲಿನಲ್ಲೇ ಕೂತು ಗೊರಕೆ ಹೊಡೆಯುತ್ತಿದ್ದ ಅವರು ನಿನಗೆ ಮರೆತಿರಲಿಕ್ಕಿಲ್ಲ. ಈಗ ಊರಿನ ನ್ಯಾಯಾಧಿಕಾರಿ ಅವರೇ, ಹೊಲಮನೆಯ ಕ್ರಯಪತ್ರಗಳಿಗೆಲ್ಲ ಅವರದ್ದೇ ಮೊಹರು. ಜೊತೆಗೆ ಕೊಳ್ಳುವ ಜರ್ಮನ್ ಮನುಷ್ಯ ವಿಟ್ಮರ್, ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಪ್ಪ ಸಹಿ ಹಾಕಿದರು. ಆಮೇಲೆ ಎಲ್ಲರೂ ನೋಡುತ್ತಿರುವಾಗ ಪೆನ್ನನ್ನು ನನ್ನ ಕೈಗೆ ಕೊಟ್ಟರು, ನಾನೂ ಹಾಕಿದೆ.

ನನ್ನ ಸಹಿ ಯಾಕೆ ಎಂದು ನಿನಗೆ ತಿಳಿದಿರಲಿ, ಮುಂದೆ ಬೇಕಾಗಬಹುದು. ಗಂಡ ಸತ್ತರೆ ಅವನ ಜಮೀನಿನಲ್ಲಿ ಮೂರನೇ ಒಂದು ಪಾಲು ಹೆಂಡತಿ ಬದುಕಿರುವವರೆಗೂ ಅವಳದ್ದು. ಆ ಪಾಲನ್ನು ಅವಳಾಗಿ ಬಿಟ್ಟುಕೊಡದಿದ್ದರೆ ಬುದ್ಧಿಯಿರುವ ಯಾರೂ ಆ ಜಮೀನು ಕೊಳ್ಳುವುದಿಲ್ಲ. ಬರೀ ಸಹಿಯೂ ಸಾಲದು. ಅದು ಅವಳ ಸ್ವಂತ ಇಷ್ಟವೋ ಅಲ್ಲವೋ ಎಂದು ಗಂಡನಿಲ್ಲದ ಜಾಗದಲ್ಲಿ ಅವಳನ್ನು ಕೇಳಬೇಕು. ನಮ್ಮ ರಾಜ್ಯದ ಕಾನೂನು ಹಾಗಿದೆ. ಒಬ್ಬ ಹೆಂಗಸಿಗೆ ಇಡೀ ಜನ್ಮದಲ್ಲಿ ಇಂಥ ಪ್ರಶ್ನೆ ಒಂದೋ ಎರಡೋ ಸಲ ಕೇಳುತ್ತಾರೆ, ಅಷ್ಟೆ.

“ಬನ್ನಿ ಇಲೆಕ್ಟಾ,” ಎಂದರು ಸ್ಕ್ವೈರ್. “ಗಂಡ ಹೆಂಡತೀನ ಬೇರೆ ಮಾಡೋ ಅಧಿಕಾರ ಇರೋದು ಇಬ್ಬರಿಗೇ. ಸಾವಿಗೆ, ಆಮೇಲೆ ನನಗೆ.” ಎಲ್ಲರೂ ನಕ್ಕರು. ವಿಟ್ಮರ್‌ಗೆ ಅರ್ಥವಾಗದಿದ್ದರೂ ಒಂದು ಗಳಿಗೆ ತಡವಾಗಿ ನಕ್ಕರು.

ಬಾಗಿಲು ಸರಿಯಾಗಿ ಮುಚ್ಚುವ ಜಾಗ ಅಡುಗೆಮನೆಯ ಪಕ್ಕದ ಚೀಸ್ ಕೋಣೆಯೊಂದೇ. ಸ್ಕ್ವೈರ್ ಹಳೆಯ ಮರದ ತೊಟ್ಟಿಯನ್ನು ಬೋರಲು ಹಾಕಿಕೊಂಡು ಕೂತರು. ನಾನು ಖಾಲಿ ಹಲಗೆಗಳಿಗೆ ಒರಗಿ ನಿಂತೆ. ಒಂದು ಕಾಲದಲ್ಲಿ ಅಲ್ಲಿ ನಾನು ದಿನಾ ಬೆಳಿಗ್ಗೆ ಚೀಸ್ ಗುಂಡುಗಳನ್ನು ಮಗುಚಿ, ಬೆಣ್ಣೆ ಸವರಿ, ಮತ್ತೆ ಸಾಲಾಗಿ ಇಡುತ್ತಿದ್ದೆ. ನೀನು ಕೆಳಗಿನ ಸಾಲು, ನಾನು ಮೇಲಿನ ಸಾಲು. ಈಗ ಈರುಳ್ಳಿ ಸಿಪ್ಪೆ ಕಾಲಿಗೆ ತಗಲುತ್ತಿತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಆಚೆ ನಿಂತ ಅಪ್ಪನ ಬೂಟುಗಳು ಕಾಣಿಸುತ್ತಿದ್ದವು.

ಸ್ಕ್ವೈರ್ ಕಾಗದವನ್ನು ಒಂದೇ ಉಸಿರಿಗೆ ಓದಿದರು. ಆಮೇಲೆ ಕನ್ನಡಕ ತೆಗೆದು, “ಆರಿನ್ ನಿಮ್ಮನ್ನ ಹೆದರಿಸಿದ್ದಾನಾ?” ಎಂದರು.

ಇಲ್ಲ ಎಂದೆ.

“ಹೊಡೆದು ಬಡಿದು, ಬಲವಂತ ಮಾಡಿ ಸೈ ಹಾಕಿಸಿದ್ದಾನಾ?”

ಇಲ್ಲ ಎಂದೆ.

“ಹಾಗಾದ್ರೆ ಸ್ವಂತ ಇಷ್ಟ.” ಇದನ್ನು ಅವರು ಕೇಳಲಿಲ್ಲ, ಹೇಳಿದರು. ಹೇಳಿ ಪೆನ್ನನ್ನು ಶಾಯಿಗೆ ಅದ್ದಿದರು.

ನಾನು ಬಾಯಿ ತೆರೆದೆ, ಲೋವಿನಾ. ಇದನ್ನಾದರೂ ನನ್ನ ಪರವಾಗಿ ನೀನು ನಂಬಬೇಕು. “ಸ್ಕ್ವೈರ್, ನನಗೆ ಹೋಗೋಕೆ ಮನಸ್ಸಿಲ್ಲ,” ಎಂದೆ. ದನಿ ಸಣ್ಣಗಿತ್ತು, ಆದರೂ ಅವರಿಗೆ ಕೇಳಿಸಿತು.

ಅವರು ಪೆನ್ನು ಕೆಳಗಿಟ್ಟರು. ಒರಟಾಗಿ ಮಾತಾಡಲಿಲ್ಲ. “ಯಾರಿಗಿರುತ್ತೆ ಹೇಳಿ? ಕನೆಕ್ಟಿಕಟ್ ಬಿಟ್ಟು ಇಲ್ಲಿಗೆ ಬರುವಾಗ ನಮ್ಮಮ್ಮ ದಾರಿಯುದ್ದಕ್ಕೂ ಅತ್ಲಂತೆ, ಎತ್ತುಗಳೇ ಬೇಜಾರಾಗಿ ನಿಂತುಬಿಡ್ತಿದ್ವಂತೆ. ಮನಸ್ಸಿಲ್ಲ ಅನ್ನೋದು ಬೇರೆ, ಹೆದರಿಕೆ ಅನ್ನೋದು ಬೇರೆ, ಇಲೆಕ್ಟಾ. ನಾನು ಕೇಳಬೇಕಾಗಿರೋದು ಹೆದರಿಕೇನ. ಇದೆಯಾ?”

ಆಚೆ ಬೂಟುಗಳು ಸ್ವಲ್ಪ ಸರಿದವು. ಅಪ್ಪ ಕೆಮ್ಮಿದರು.

ನಾನು ಏನು ಹೇಳಬೇಕಿತ್ತು? ಇದೆ ಎಂದರೆ ಆರಿನ್ ಹೆಂಡತಿಯನ್ನು ಹೊಡೆಯುವವನು ಎಂದು ಸಂಜೆಯೊಳಗೆ ಕಾರ್ನರ್ಸ್ ತುಂಬ ಸುದ್ದಿಯಾಗುತ್ತಿತ್ತು. ಅದು ಸುಳ್ಳು. ದೇವರ ಮುಂದೆ ಹಾಗೆ ಹೇಳಲಾರೆ. ಮನಸ್ಸಿಲ್ಲದಿರುವುದಕ್ಕೆ ಕಾರಣ ಏನು ಎಂದು ಕೇಳಿದ್ದರೆ ನಿನ್ನ ವಿಷಯ ಎತ್ತಬೇಕಿತ್ತು. ಅದಕ್ಕೆ ನೀನು ಬಾಯಿ ಕಟ್ಟಿದ್ದೆ. ಎರಡೂ ಕಡೆ ಗೋಡೆಯಿತ್ತು. ನಾನು ಇಲ್ಲ ಎಂದೆ.

ಅವರು ಬರೆದರು. ಅಡುಗೆಮನೆಗೆ ಬಂದು ಬರೆದದ್ದನ್ನು ಎಲ್ಲರಿಗೂ ಓದಿದರು. ಆರಿನ್‌ನ ಪತ್ನಿ ಇಲೆಕ್ಟಾ, ಗಂಡನಿಂದ ಪ್ರತ್ಯೇಕವಾಗಿ ವಿಚಾರಿಸಲ್ಪಟ್ಟು, ಸ್ವಇಚ್ಛೆಯಿಂದ ಸಹಿ ಮಾಡಿರುವುದಾಗಿಯೂ ಈಗಲೂ ಅದರಿಂದ ತೃಪ್ತಳಾಗಿರುವುದಾಗಿಯೂ ಹೇಳಿರುತ್ತಾಳೆ ಎಂದಿತ್ತು. ತೃಪ್ತಿ ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ನಾನು ಒಣ ಸೇಬಿನ ಪೈ ತಂದು ಎಲ್ಲರಿಗೂ ಕತ್ತರಿಸಿ ಕೊಟ್ಟೆ.

ಅವರೆಲ್ಲ ಹೋದ ಮೇಲೆ ಅಪ್ಪ ನನ್ನ ಕಡೆ ತಿರುಗಿ, “ಪೈ ಚೆನ್ನಾಗಿತ್ತು, ಇಲೆಕ್ಟಾ,” ಎಂದರು. ನಾಯಿಗಲ್ಲ, ನನಗೆ. ಮಗಳೇ, ಇದನ್ನು ಬರೆಯಲು ಕೈ ಬರುತ್ತಿಲ್ಲ. ಮತ್ತೆ ಮಾತು ಬಂತಲ್ಲ ಎಂದು ನನಗೆ ಎಷ್ಟು ಹಗುರವಾಯಿತೆಂದರೆ, ಅವತ್ತು ಪಾತ್ರೆ ತೊಳೆಯುತ್ತಾ ಸಣ್ಣಗೆ ಹಾಡಿಕೊಂಡೆ. ಮೂಡಲ ಕೋಣೆಯ ಕದ ಹಾಕಲು ಹೋದಾಗಲೇ ನಿನ್ನ ನೆನಪು ಬಂದದ್ದು.

ಇದಕ್ಕಿಂತ ಕೆಟ್ಟದ್ದು ಮೊನ್ನೆ ಗೊತ್ತಾಯಿತು. ನಾವು ಬಿಟ್ಟು ಹೋಗುವ ಕಡಗೋಲಿನ ಪೀಪಾಯಿ ನೋಡಲು ನೆರೆಮನೆಯ ಜಿಲ್ಫಾ ಕೇಡಿ ಬಂದಿದ್ದಳು. ಅವಳ ಬಾಯಿ ನಿನಗೆ ಗೊತ್ತಲ್ಲ. ಪೀಪಾಯಿಯೊಳಗೆ ತಲೆ ಹಾಕಿ ಮೂಸುತ್ತಲೇ, “ಅಲ್ಲ ಕಣೆ, ನೀನಾದ್ರೂ ಹೇಗೆ ಒಪ್ಪಿದೆ? ಕುರಿ ಹಾಗೆ ಅವನ ಹಿಂದೆ ಹೊರಟಿದ್ದೀಯಲ್ಲ,” ಎಂದಳು.

ಸ್ಕ್ವೈರ್ ಕೇಳಿದಾಗ ಏನು ಹೇಳಲಿ, ಆರಿನ್ ನನ್ನನ್ನು ಹೆದರಿಸಿರಲಿಲ್ಲ, ಹಾಗಾಗಿ ಒಪ್ಪಲೇಬೇಕಾಯಿತು ಎಂದೆ.

ಅವಳು ತಲೆ ಆಚೆ ತೆಗೆದಳು. “ಏನಂದೆ?”

ಮತ್ತೆ ಹೇಳಿದೆ.

“ಅಯ್ಯೋ ಪೆದ್ದೀ! ಹೆದರಿಸಿದ್ರೆ ಮಾತ್ರ ಬೇಡ ಅನ್ನಬಹುದು ಅಂತ ನಿನಗೆ ಯಾರು ಹೇಳಿದ್ದು? ಬರೀ ಬೇಡ ಅನ್ನಬಹುದು ಕಣೆ. ಇಷ್ಟ ಇಲ್ಲ, ಬರೀಬೇಡ, ಮುಗೀತು. ಕಾರಣ ಕೇಳೋಕೆ ಫೆಲ್ಟನ್ ಯಾರು, ಪಾದ್ರಿನಾ? ನಾನು ಎರಡು ಸಲ ಬೇಡ ಅಂದಿದ್ದೀನಿ. ಒಂದ್ಸಲ ಇಲಿನಾಯ್ ಅಂದ, ಒಂದ್ಸಲ ಅಯೋವಾ ಅಂದ. ಎರಡು ಸಲಾನೂ ನಮ್ಮ ಯಜಮಾನ ಮೇಜು ಕುಟ್ಟಿದ. ಮೇಜು ಮುರೀತು. ಈಗ ನೋಡು, ನಾನು ಅದೇ ಮನೇಲಿದ್ದೀನಿ, ಅವನು ಸ್ಮಶಾನದಲ್ಲಿದ್ದಾನೆ. ಅದೂ ಇದೇ ಊರಿನ ಸ್ಮಶಾನ!”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳು ನಗುವುದನ್ನು ನಿಲ್ಲಿಸಿ ಪಕ್ಕದಲ್ಲಿ ಕೂತಳು. ಅವಳಿಗೂ ನಿನ್ನ ವಿಷಯ ಹೇಳಿಲ್ಲ. ಆದರೆ ಹೇಳದೆಯೇ ಏನೋ ತಿಳಿದುಕೊಂಡಳು ಅನ್ನಿಸುತ್ತದೆ. ಯಾವ ಮಗಳು ಎಂದು ಮಾತ್ರ ಕೇಳಿದಳು. “ದೊಡ್ಡೋಳು,” ಎಂದು ತಾನೇ ಹೇಳಿಕೊಂಡಳು. ಆಮೇಲೆ, ಮಗಳು ಬಂದರೆ ಒಂದೆರಡು ರಾತ್ರಿ ತನ್ನ ಮನೆಯಲ್ಲಿ ಇರಬಹುದು, ಅದಕ್ಕಿಂತ ಹೆಚ್ಚು ತನ್ನ ಕೈಯಲ್ಲಾಗುವುದಿಲ್ಲ, ಸೊಸೆಯ ಕಾರುಬಾರು ಎಂದಳು.

ಇವತ್ತು ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ಸ್ಕ್ವೈರ್ ಅವರನ್ನು ತಡೆದು ನಿಲ್ಲಿಸಿದೆ. ಅವತ್ತು ನನಗೆ ಸರಿಯಾಗಿ ತಿಳಿದಿರಲಿಲ್ಲ, ಈಗ ಬೇಡ ಅನ್ನಬಹುದೇ ಎಂದು ಕೇಳಿದೆ. “ಏನಮ್ಮ ಇದು, ಚೀಸ್ ಒತ್ತಿ ಇಟ್ಟ ಮೇಲೆ ಹಾಲು ವಾಪಸ್ ಕೊಡಿ ಅಂತೀರಲ್ಲ,” ಎಂದು ನಕ್ಕರು. ನಾನು ನಗದೇ ಇದ್ದದ್ದನ್ನು ಕಂಡು ಮೆತ್ತಗಾದರು. ಪತ್ರ ಕೌಂಟಿ ಕಚೇರಿಯ ಪುಸ್ತಕದಲ್ಲಿ ನಕಲಾಗಿದೆಯಂತೆ. ವಿಟ್ಮರ್ ತನ್ನ ಹಳೆಯ ಜಾಗ ಬಿಟ್ಟುಕೊಟ್ಟು ಬಂದಿದ್ದಾನಂತೆ. ಇನ್ನು ಯಾರ ಕೈಯಲ್ಲೂ ಇಲ್ಲವಂತೆ. “ಹೆದರಿಕೆ ಇತ್ತು ಅಂತ ಆಗ ಹೇಳಿದ್ರೆ...” ಎಂದು ಅರ್ಧಕ್ಕೆ ಬಿಟ್ಟು, ದೂರದಲ್ಲಿ ಕುದುರೆ ಕಟ್ಟುತ್ತಿದ್ದ ಅಪ್ಪನ ಕಡೆ ನೋಡಿದರು. ನಾನು ಧನ್ಯವಾದ ಹೇಳಿ ಗಾಡಿ ಹತ್ತಿದೆ.

ಸ್ಕ್ವೈರ್ ಜೊತೆ ಏನು ಮಾತು ಎಂದು ದಾರಿಯಲ್ಲಿ ಅಪ್ಪ ಕೇಳಿದರು. ಅವರ ಹೆಂಡತಿಯ ಕೀಲುನೋವು ಹೇಗಿದೆ ಎಂದು ವಿಚಾರಿಸಿದೆ ಎಂದೆ.

ಈಗ ನಿನಗೆ ಏನು ಹೇಳಲಿ? ಮೊದಲ ಹಡಗು ಹತ್ತಬೇಡ ಎನ್ನಲೇ? ಹಾಗೆಂದರೆ, ಆ ತಣ್ಣನೆಯ ಒಲೆಯ ಮುಂದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿರು ಎಂದು ನಾನೇ ಹೇಳಿದ ಹಾಗೆ. ಹತ್ತು ಎನ್ನಲೇ? ಕ್ಲೀವ್‌ಲ್ಯಾಂಡ್‌ನಲ್ಲಿ ಇಳಿದು, ಬಾಡಿಗೆ ಗಾಡಿಯಲ್ಲಿ ಕೆಸರು ದಾರಿ ದಾಟಿ ನೀನು ಈ ಬಾಗಿಲು ತಟ್ಟಿದರೆ, ನಮ್ಮ ಮಾತು ಬಾರದ ಒಬ್ಬ ಹೆಂಗಸು ಬಾಗಿಲು ತೆಗೆಯುತ್ತಾಳೆ. ತವರಿಗೆ ಬಂದ ಹುಡುಗಿಯನ್ನು ಜನ ಬಾಣಂತನಕ್ಕೋ ಹಬ್ಬಕ್ಕೋ ಬಂದಳು ಅನ್ನುತ್ತಾರೆ. ತವರಿಲ್ಲದ ಊರಿಗೆ ಮಗು ಎತ್ತಿಕೊಂಡು ಬಂದವಳನ್ನು ಓಡಿಬಂದವಳು ಅನ್ನುತ್ತಾರೆ. ಆ ಹೆಸರು ಒಮ್ಮೆ ಬಂದರೆ ಐಡಾ ನಿನ್ನ ಹತ್ತಿರ ಉಳಿಯುವುದಿಲ್ಲ, ಮಗು ಅಪ್ಪನದ್ದು ಎಂದು ಲೈಮನ್ ಬಂದು ಕರೆದುಕೊಂಡು ಹೋದರೆ ತಡೆಯುವವರಿಲ್ಲ. ಕ್ಯಾನ್ಸಸ್‌ಗೆ ಬಾ ಎನ್ನಲು ನನ್ನ ಹತ್ತಿರ ನಿನ್ನ ದಾರಿಖರ್ಚಿಗೆ ಕಳಿಸುವಂಥದ್ದು ಏನೂ ಇಲ್ಲ.

ನಿಮ್ಮ ಕಡೆ ಹಿಮ ಕರಗಲು ಶುರುವಾದರೆ ಜಾರುಬಂಡಿಯ ಅಂಚೆ ನಿಂತುಹೋಗುತ್ತದೆ, ದಾರಿ ಗಟ್ಟಿಯಾಗುವವರೆಗೆ ಏನೂ ಬರುವುದಿಲ್ಲ ಎಂದು ನೀನೇ ಬರೆದಿದ್ದೆ. ನಿನಗೆ ಹಡಗು ತರುವ ಬಿಸಿಲೇ ನನ್ನ ಕಾಗದವನ್ನು ತಡೆಯುತ್ತದೆ. ಈ ವರ್ಷ ಚಳಿ ಬೇಗ ಬಿಟ್ಟಿದೆ. ಇಲ್ಲಿ ಈರಿ ಸರೋವರದಲ್ಲಿ ಹಿಮ ಆಗಲೇ ಒಡೆದಿದೆ ಎಂದು ಅಂಗಡಿಯಲ್ಲಿ ಮಾತಾಡುತ್ತಿದ್ದರು. ಡೆಲ್ಫಿ ಅದನ್ನು ಕೇಳಿ ಕುಣಿದಳು, ಪಾಪ. ನಾನು ದಿನವೂ ಬೆಳಿಗ್ಗೆ ಎದ್ದು ಚಳಿ ಇನ್ನಷ್ಟು ದಿನ ಇರಲಿ ಎಂದು ಬೇಡಿಕೊಳ್ಳುತ್ತೇನೆ. ಚಳಿಯಲ್ಲಿ ನಡುಗುತ್ತಿರುವ ಮಗಳ ತಾಯಿ ಬೇಡಿಕೊಳ್ಳುವ ಮಾತೇ ಅದು?

ಅಪ್ಪನಿಗೆ ಎಲ್ಲ ಹೇಳಿಬಿಡಲೇ ಎಂದು ನಿನ್ನನ್ನು ಕೇಳಬೇಕು ಎಂದಿದ್ದೆ. ನಿನ್ನ ಉತ್ತರ ಬರುವ ಹೊತ್ತಿಗೆ ನಾವಿಲ್ಲಿ ಇರುವುದಿಲ್ಲ. ನೀನು ಬೇಡ ಎಂದದ್ದಕ್ಕೇ ನಾನು ಇಷ್ಟು ದಿನ ಸುಮ್ಮನಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ನೀನು ಬೇಡ ಎಂದದ್ದು ನಿನ್ನ ನಾಚಿಕೆಗೆ. ಆ ನಾಚಿಕೆ ಒಂದು ಮಗುವಿನ ಜೀವಕ್ಕಿಂತ ದೊಡ್ಡದಲ್ಲ ಎಂದು ನಲವತ್ತು ದಾಟಿದ ನನಗೆ ತಿಳಿಯದೇ? ಯಾವ ದಿನ ಬೇಕಾದರೂ ಕೊಟ್ಟಿಗೆಗೆ ಹೋಗಿ, ಆರಿನ್, ನಮ್ಮ ಹುಡುಗಿ ಕಷ್ಟದಲ್ಲಿದ್ದಾಳೆ ಎನ್ನಬಹುದಿತ್ತು. ಅವರು ಕಲ್ಲಲ್ಲ. ಆದರೆ ಪ್ರತಿ ಸಲವೂ ಕೊಟ್ಟಿಗೆಯ ಬಾಗಿಲವರೆಗೆ ಹೋಗಿ, ಮೊಟ್ಟೆ ಆಯ್ದುಕೊಂಡು ವಾಪಸ್ ಬಂದಿದ್ದೇನೆ.

ಹಾಗಾಗಿ ನನಗೆ ತಿಳಿದಷ್ಟು ಹೇಳುತ್ತೇನೆ. ಈ ಕಾಗದ ಹಡಗಿಗಿಂತ ಮುಂಚೆ ಬಂದರೆ, ಹತ್ತುವುದೋ ಬಿಡುವುದೋ ನೀನೇ ಯೋಚಿಸು. ಹತ್ತಿದರೆ ನೇರ ಜಿಲ್ಫಾ ಮನೆಗೆ ಹೋಗು. ಎರಡು ರಾತ್ರಿಯಾದರೂ ಬೆಚ್ಚಗಿರುತ್ತೀ. ಬೈದರೆ ಬೈಸಿಕೊ, ಅವಳು ಬೈದವರಿಗೇ ಊಟ ಹಾಕುವುದು. ಲೈಮನ್ ಯಾವತ್ತಾದರೂ ಯಾವ ಕಾಗದಕ್ಕಾದರೂ ಸಹಿ ಹಾಕು ಎಂದಾಗ, ನಿನ್ನನ್ನು ಒಳಗೆ ಕರೆದು ಯಾರಾದರೂ ಕೇಳಿದರೆ, ಕಾರಣ ಹುಡುಕಬೇಡ. ಬೇಡ ಎಂದರೆ ಸಾಕು.

ಡೆಲ್ಫಿ ನಿನಗೆ ನಮಸ್ಕಾರ ಹೇಳಿದ್ದಾಳೆ. ಕ್ಯಾನ್ಸಸ್‌ಗೆ ಹೋದ ಮೇಲೆ ನಿನಗೊಂದು ಕಾಡು ಕುದುರೆ ಹಿಡಿದು ಕಳಿಸುತ್ತಾಳಂತೆ.

ಬಾಗಿಲು ತೆಗೆಯುತ್ತೇನೆ ಎಂದು ಮಾತು ಕೊಟ್ಟಿದ್ದ,
ನಿನ್ನ ಅಮ್ಮ,
ಇಲೆಕ್ಟಾ

ಮರೆತ ಮಾತು: ಈ ಕಾಗದಕ್ಕೆ ಸಹಿ ಹಾಕುವಾಗ ಅಪ್ಪ ನಿದ್ದೆಯಿಂದ ಎದ್ದು ಒಳಗೆ ಬಂದರು. ಹಾಳೆಗಳು ಯಾವಾಗ ನನ್ನ ಏಪ್ರನ್ ಕೆಳಗೆ ಹೋದವೋ ನನಗೇ ಗೊತ್ತಾಗಲಿಲ್ಲ. ಏನು ಬರೀತಿದ್ದೀಯ ಎಂದರು. ಗಾಡಿಗೆ ಹಾಕುವ ಸಾಮಾನು ನೆನಪು ಮಾಡಿಕೊಳ್ಳುತ್ತಿದ್ದೆ ಎಂದೆ. “ಒಳ್ಳೇದು, ಏನೂ ಬಿಟ್ಟುಹೋಗಬಾರದು,” ಎಂದು ನನ್ನ ಭುಜ ತಟ್ಟಿ, ನೀರು ಕುಡಿದು ಹೋದರು. ಅವರ ಗೊರಕೆ ಮತ್ತೆ ಕೇಳಿಸುವವರೆಗೂ ನಾನು ಹಾಳೆಗಳನ್ನು ಆಚೆ ತೆಗೆಯಲಿಲ್ಲ. ಸ್ಕ್ವೈರ್ ಫೆಲ್ಟನ್ ಈ ಹೊತ್ತಿನಲ್ಲಿ ಬಂದು, ಹೆದರಿಕೆ ಇದೆಯಾ ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಅಂಚೆ ಗಾಡಿ ದಿನವೂ ಬೆಳಿಗ್ಗೆ ಕಾರ್ನರ್ಸ್ ಅಂಗಡಿಗೆ ಬರುತ್ತದೆ, ನಮ್ಮ ಗೇಟಿನಿಂದ ನಾಲ್ಕು ಹೆಜ್ಜೆ. ನಾಳೆಯೇ ಹಾಕಬಹುದಿತ್ತು. ಜಿಲ್ಫಾ ಕೈಗೆ ಕೊಟ್ಟರೆ ಅಂಗಡಿ ತುಂಬ ಕೂಗಿಕೊಂಡು ಕೊಡುತ್ತಾಳೆ, ಡೆಲ್ಫಿ ಬಾಯಲ್ಲಿ ಏನೂ ನಿಲ್ಲುವುದಿಲ್ಲ. ನಾಳೆ, ನಾಡಿದ್ದು, ಬುಧವಾರ ಅಪ್ಪ ಮನೆಯಲ್ಲೇ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿರುತ್ತಾರೆ. ದನಗಳನ್ನು ಮಾರಲು ಹೊಡೆದುಕೊಂಡು ಹೋಗುವುದು ಗುರುವಾರ. ಅವರ ಗಾಡಿ ತಿರುವು ದಾಟಿದ ಮೇಲೆ ಹೋಗಿ ಹಾಕುತ್ತೇನೆ. ಗುರುವಾರ, ಮಾರ್ಚ್ 25.